ದೊಡ್ಡ ದಾನಿ ಬಾಗಿಲು ಹಾಕಿದ ಮೇಲೆ



2025ರ ಜುಲೈ 1ನೇ ತಾರೀಖು ವಾಷಿಂಗ್ಟನ್‌ನಲ್ಲಿ ಒಂದು ಸಂಸ್ಥೆಯ ಕಥೆ ಮುಗೀತು. ಯುಎಸ್‌ಏಡ್ ಅಂತ ಅದರ ಹೆಸರು. 1961ರ ನವೆಂಬರ್‌ನಲ್ಲಿ ಜಾನ್ ಎಫ್. ಕೆನಡಿ ಶುರು ಮಾಡಿದ ಸಂಸ್ಥೆ. ಜಗತ್ತಿನ ಯಾವ ಮೂಲೆಯಲ್ಲಿ ಬರ ಬರಲಿ, ಭೂಕಂಪ ಆಗಲಿ, ಯುದ್ಧ ಆಗಲಿ, ಮೊದಲು ಬರುತ್ತಿದ್ದ ಚೀಲಗಳಲ್ಲಿ ಇವರ ಚೀಲವೂ ಇರುತ್ತಿತ್ತು. ಡೊನಾಲ್ಡ್ ಟ್ರಂಪ್ ಜನವರಿ 20ಕ್ಕೆ ಅಧಿಕಾರ ಹಿಡಿದ ದಿನವೇ ವಿದೇಶಿ ನೆರವಿಗೆ ತಡೆ ಹಾಕಿದರು. ಮಾರ್ಚ್ 10ಕ್ಕೆ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ, ಸಂಸ್ಥೆಯ ಶೇ. 83ರಷ್ಟು ಕಾರ್ಯಕ್ರಮಗಳು ರದ್ದು ಎಂದರು. ಈಗ ಉಳಿದದ್ದನ್ನು ವಿದೇಶಾಂಗ ಇಲಾಖೆಯೊಳಗೆ ಸೇರಿಸಿ ಬೋರ್ಡನ್ನೇ ಇಳಿಸಿದ್ದಾರೆ.

ಸರಿ ಸ್ವಾಮಿ, ಅಮೆರಿಕದ ಕಚೇರಿ ಮುಚ್ಚಿದರೆ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಗೆ ಏನಾಗಬೇಕು? ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕಾನಹೊಸಹಳ್ಳಿ ಸಿಗುತ್ತದಲ್ಲ, ಅಲ್ಲಿ ಬಸ್ಸಿಗೆ ಕಾದು ನಿಂತವರಿಗೆ ಈ ಸುದ್ದಿ ಯಾಕೆ ಬೇಕು? ಶೇಂಗಾ ಬಿತ್ತೋಕೆ ಮಳೆ ಬರುತ್ತೋ ಇಲ್ಲವೋ ಅನ್ನೋದೇ ಅಲ್ಲಿ ದೊಡ್ಡ ಸುದ್ದಿ. ಒಪ್ಪುತ್ತೇನೆ. ಆದರೆ ಅದೇ ಕಾನಹೊಸಹಳ್ಳಿ ಇರಲಿ, ಕೊಟ್ಟೂರು ಇರಲಿ, ಹಡಗಲಿ, ಹರಪನಹಳ್ಳಿ ಇರಲಿ, ಅರವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ ಶಾಲೆಯ ಉಪ್ಪಿಟ್ಟಿನ ಬಗ್ಗೆ ಕೇಳಿ ನೋಡಿ. ಮುಖ ಅರಳುತ್ತದೆ.

ಹಳದಿ ಬಣ್ಣದ ದಪ್ಪ ಗೋಧಿ ರವೆ. ಜೊತೆಗೆ ಬಿಸಿನೀರಿಗೆ ಕದಡಿದ ಹಾಲಿನ ಪುಡಿ. ಎಣ್ಣೆ ಬರುತ್ತಿದ್ದ ತಗಡಿನ ಡಬ್ಬಿಯ ಮೇಲೆ ಎರಡು ಕೈ ಕುಲುಕುವ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಅಮೆರಿಕದ ಜನ ಕೊಟ್ಟದ್ದು, ಮಾರುವಂತಿಲ್ಲ, ಬದಲು ಮಾಡುವಂತಿಲ್ಲ ಅಂತ ಬರಹ. ಖಾಲಿಯಾದ ಡಬ್ಬಿ ಯಾರ ಮನೆ ಸೇರುತ್ತಿತ್ತು ಅನ್ನೋದು ಬೇರೆ ವಿಷಯ, ಅದನ್ನ ಇಲ್ಲಿ ಬಿಡೋಣ. ಆ ಉಪ್ಪಿಟ್ಟಿನ ರುಚಿ ಮನೆಯಲ್ಲಿ ಮಾಡಿದರೆ ಬರೋಲ್ಲ ಅಂತ ಇವತ್ತಿಗೂ ಹೇಳುವವರಿದ್ದಾರೆ. ಹಸಿದ ಹೊಟ್ಟೆಯ ರುಚಿ ಅದು, ಎಲ್ಲಿಂದ ಬರಬೇಕು?

ಅದನ್ನು ಹಂಚುತ್ತಿದ್ದದ್ದು ‘ಕೇರ್’ ಅನ್ನೋ ಸಂಸ್ಥೆ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ, ಯುರೋಪಿನ ಹಸಿದವರಿಗೆ ಆಹಾರದ ಪೊಟ್ಟಣ ಕಳಿಸೋಕೆ ಅಮೆರಿಕದಲ್ಲಿ ಹುಟ್ಟಿದ್ದು. 1950ರಲ್ಲಿ ಭಾರತದ ಜೊತೆ ಒಪ್ಪಂದ ಮಾಡಿಕೊಂಡಿತು. ಗೋಧಿ ಬಂದದ್ದು ಅಮೆರಿಕ ಸರ್ಕಾರದ ಉಗ್ರಾಣದಿಂದ. ಅದಕ್ಕೊಂದು ಕಾನೂನು ಇತ್ತು. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಪಬ್ಲಿಕ್ ಲಾ 480. ನಮ್ಮ ಹಿರಿಯರ ಬಾಯಲ್ಲಿ ಪಿಎಲ್-480.

ಈ ಕಾನೂನಿನ ಅಧಿಕೃತ ಹೆಸರಲ್ಲಿ ಹಸಿವು ಅನ್ನೋ ಪದ ಇಲ್ಲ. ದಾನ ಅನ್ನೋ ಪದವೂ ಇಲ್ಲ. ಕೃಷಿ ವ್ಯಾಪಾರ ಅಭಿವೃದ್ಧಿ ಮತ್ತು ನೆರವು ಕಾಯ್ದೆ ಅಂತ ಅದರ ಹೆಸರು. ವ್ಯಾಪಾರ ಮೊದಲು, ನೆರವು ಆಮೇಲೆ! ಆಗ ಅಮೆರಿಕದ ರೈತರು ಬೆಳೆದ ಗೋಧಿ ಉಗ್ರಾಣದಲ್ಲಿ ಹಿಡಿಸಲಾರದಷ್ಟು ತುಂಬಿತ್ತು. ಸುಮ್ಮನೆ ಮಾರುಕಟ್ಟೆಗೆ ಬಿಟ್ಟರೆ ಬೆಲೆ ಬೀಳುತ್ತೆ, ರೈತ ಬೀದಿಗೆ ಬೀಳುತ್ತಾನೆ. ಇಟ್ಟುಕೊಂಡರೆ ಗೋದಾಮಿನ ಬಾಡಿಗೆ. ಹಾಗಾಗಿ ಹಸಿದ ದೇಶಗಳಿಗೆ ಕಳಿಸಿದರು. ಅವರ ರೈತನಿಗೂ ಲಾಭ, ಹಡಗು ಕಂಪನಿಗೂ ಲಾಭ, ನಮ್ಮ ಮಕ್ಕಳಿಗೂ ಉಪ್ಪಿಟ್ಟು. ಇದರಲ್ಲಿ ತಪ್ಪೇನಿದೆ ಅಂತೀರಾ? ನಾನೂ ತಪ್ಪು ಅನ್ನಲ್ಲ. ಆದರೆ ದೊಡ್ಡ ದಾನಿಯನ್ನು ನೋಡುವಾಗ ಅವನ ಕೈ ಮಾತ್ರ ಅಲ್ಲ, ಅವನ ಉಗ್ರಾಣವನ್ನೂ ನೋಡಬೇಕು. ಉಗ್ರಾಣ ಖಾಲಿಯಾದ ದಿನ, ಅಥವಾ ಯಜಮಾನನ ಮೂಡು ಕೆಟ್ಟ ದಿನ ಏನಾಗುತ್ತೆ ಅನ್ನೋದು ಅಲ್ಲೇ ಗೊತ್ತಾಗೋದು.

ನಮಗೆ ಅದು 1965-66ರಲ್ಲಿ ಗೊತ್ತಾಯ್ತು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು. ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಒಂದು ಊಟ ಬಿಡಿ ಅಂತ ದೇಶವನ್ನು ಕೇಳಿಕೊಂಡರು, ಜನ ಬಿಟ್ಟರು. 1966ರಲ್ಲಿ ಹೆಚ್ಚುಕಡಿಮೆ ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬರಬೇಕಾಯ್ತು. ಬಹುಪಾಲು ಅಮೆರಿಕದ್ದೇ, ಅವರ ಗೋಧಿ ಬೆಳೆಯ ಸುಮಾರು ಐದರಲ್ಲಿ ಒಂದು ಪಾಲು ಆ ವರ್ಷ ಭಾರತಕ್ಕೆ ಬಂತು ಅಂತ ಲೆಕ್ಕ. ದೊಡ್ಡ ಉಪಕಾರ, ಸಣ್ಣದಲ್ಲ. ಬಿಹಾರದಲ್ಲಿ ಲಕ್ಷಾಂತರ ಜನ ಅದರಿಂದ ಉಳಿದರು. ಆದರೆ ಅಧ್ಯಕ್ಷ ಲಿಂಡನ್ ಜಾನ್ಸನ್ ಹಗ್ಗವನ್ನು ಗಿಡ್ಡ ಹಿಡಿದಿದ್ದರು. ವರ್ಷದ ಧಾನ್ಯಕ್ಕೆ ಒಮ್ಮೆಲೇ ಒಪ್ಪಿಗೆ ಇಲ್ಲ, ಒಂದೆರಡು ತಿಂಗಳ ಲೆಕ್ಕದಲ್ಲಿ ಹಡಗು ಬಿಡೋದು. ನಿಮ್ಮ ಕೃಷಿ ನೀತಿ ಬದಲಾಯಿಸಿ ಅನ್ನೋದು ಒಂದು ಷರತ್ತು. ಅದು ಒಳ್ಳೆಯ ಸಲಹೆಯೇ, ಸಿ. ಸುಬ್ರಹ್ಮಣ್ಯಂ ಅವರಿಗೂ ಅದೇ ಬೇಕಿತ್ತು. ಇನ್ನೊಂದು ಸಿಟ್ಟು ವಿಯೆಟ್ನಾಂ ಯುದ್ಧದ ಬಗ್ಗೆ ನಾವು ಆಡಿದ ಮಾತಿಗೆ. ಹಡಗಿನಿಂದ ನೇರ ಬಾಯಿಗೆ ಅನ್ನೋ ಬದುಕು ಅಂತ ಆಗ ಹೇಳುತ್ತಿದ್ದರು. ಹಸಿರು ಕ್ರಾಂತಿಗೆ ಮೆಕ್ಸಿಕೋದ ಬೀಜ ಎಷ್ಟು ಕಾರಣವೋ ಆ ಅವಮಾನವೂ ಅಷ್ಟೇ ಕಾರಣ ಅಂತ ನನ್ನ ಅಭಿಪ್ರಾಯ.

ಆ ಗೋಧಿಯ ಜೊತೆಗೇ ಬಂತು ಅಂತ ನಮ್ಮ ರೈತರು ಇವತ್ತಿಗೂ ಬೈಯೋ ಇನ್ನೊಂದಿದೆ, ಕಾಂಗ್ರೆಸ್ ಗಿಡ! ಪಾರ್ಥೇನಿಯಂ. ಅದು ಅದಕ್ಕೂ ಮೊದಲೇ ಇಲ್ಲಿತ್ತು ಅಂತ ಸಸ್ಯಶಾಸ್ತ್ರಜ್ಞರು ಹಳೇ ದಾಖಲೆ ತೋರಿಸ್ತಾರೆ. ಇರಬಹುದು. ಹೊಲದ ಬದುವಿನಲ್ಲಿ ಅದನ್ನ ಕಿತ್ತು ಕಿತ್ತು ಕೈ ತುರಿಸಿಕೊಂಡವನಿಗೆ ಆ ದಾಖಲೆ ತೋರಿಸಿ ನೋಡಿ!

ಈಗ ಇನ್ನೊಬ್ಬ ದಾನಿಯ ಕಥೆಗೆ ಬರೋಣ. ಇದು ನಮ್ಮ ಬಳ್ಳಾರಿ ಸೀಮೆಯ ಮಧ್ಯದಲ್ಲೇ ನಡೆದದ್ದು, ಆದರೂ ಯಾವ ಚಾನೆಲ್ಲೂ ಸರಿಯಾಗಿ ಹೇಳಲಿಲ್ಲ.

2003. ಭಾರತದಲ್ಲಿ ಎಚ್‌ಐವಿ ಹೇಗೆ ಹಬ್ಬುತ್ತೋ ಅನ್ನೋ ಭಯ ಜಗತ್ತಿಗೇ ಇತ್ತು. ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಅವರ ಪ್ರತಿಷ್ಠಾನ ‘ಆವಾಹನ್’ ಅನ್ನೋ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕ, ಆಂಧ್ರ, ತಮಿಳುನಾಡು, ಮಹಾರಾಷ್ಟ್ರ, ಮಣಿಪುರ, ನಾಗಾಲ್ಯಾಂಡ್ ಆರು ರಾಜ್ಯ. ಹತ್ತು ವರ್ಷದ ಅವಧಿಗೆ ಒಟ್ಟು 33 ಕೋಟಿ 80 ಲಕ್ಷ ಡಾಲರ್ ಮೀಸಲು. ನಮ್ಮ ರಾಜ್ಯದಲ್ಲಿ ಬಹುಪಾಲು ಜಿಲ್ಲೆಗಳ ಕೆಲಸ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಹಿಸಿಕೊಂಡಿತು. ಬಳ್ಳಾರಿ ಅದರಲ್ಲಿ ಮುಖ್ಯ ಜಿಲ್ಲೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಅದಿರಿನ ಲಾರಿಗಳ ಹೆದ್ದಾರಿ. ಇನ್ನೊಂದು ಕಡೆ ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ. 1982ರಲ್ಲೇ ವಿಧಾನಮಂಡಲ ಅದರ ವಿರುದ್ಧ ಕಾನೂನು ಮಾಡಿದರೂ, 2007-08ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿಯರ ಹೆಸರು ಸಿಕ್ಕಿತು. ಹೆಚ್ಚಿನವರು ಇದೇ ಉತ್ತರದ ಜಿಲ್ಲೆಗಳವರು, ದಲಿತ ಕೇರಿಗಳವರು.

ಆವಾಹನ್ ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆ. ಬೆಂಗಳೂರಿನಿಂದ ಟೈ ಕಟ್ಟಿದವರನ್ನು ಕಳಿಸಿ ಭಾಷಣ ಮಾಡಿಸಲಿಲ್ಲ. ಅದೇ ಸಮುದಾಯದ ಹೆಣ್ಣುಮಕ್ಕಳನ್ನೇ ಕಾರ್ಯಕರ್ತೆಯರನ್ನಾಗಿ ಮಾಡಿತು. ಯಾರ ಮನೆಗೆ ಯಾವ ಹೊತ್ತಿಗೆ ಹೋದರೆ ಮಾತಾಡಬಹುದು, ಯಾವ ಡಾಕ್ಟರ್ ಮರ್ಯಾದೆಯಿಂದ ಪರೀಕ್ಷೆ ಮಾಡ್ತಾರೆ, ಯಾವ ಠಾಣೆಯಲ್ಲಿ ಹೊಡೀತಾರೆ, ಇದೆಲ್ಲ ಗೊತ್ತಿದ್ದದ್ದು ಅವರಿಗೇ. ಓದೋಕೆ ಬಾರದವರು ಚಿತ್ರದ ಗುರುತು ಹಾಕಿ ತಮ್ಮ ಭೇಟಿಯ ಲೆಕ್ಕ ಇಟ್ಟರು. 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ, ಮೊದಲ ಐದು ವರ್ಷದಲ್ಲಿ ಸುಮಾರು ಒಂದು ಲಕ್ಷ ಸೋಂಕು ತಪ್ಪಿರಬಹುದು ಅಂತ ಅಂದಾಜು ಮಾಡಿತು. ಅಂದಾಜು ಅಂತಲೇ ಇಟ್ಟುಕೊಳ್ಳೋಣ. ಅರ್ಧ ನಿಜವಾಗಿದ್ದರೂ ಐವತ್ತು ಸಾವಿರ ಮನೆ.

ಅದಕ್ಕಿಂತ ಮುಖ್ಯ, ಆ ದಾನಿ ಹೊರಟ ರೀತಿ. ನಾಳೆ ಬೆಳಿಗ್ಗೆಯಿಂದ ಹಣ ಇಲ್ಲ ಅನ್ನಲಿಲ್ಲ. 2009ರಿಂದ 2013ರವರೆಗೆ ಹಂತ ಹಂತವಾಗಿ ಒಂದೊಂದು ಪಾಲನ್ನು ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆಗೆ ವಹಿಸಿತು. ಎಲ್ಲವೂ ಸುಸೂತ್ರ ಆಯ್ತು ಅಂತಲ್ಲ. ಸರ್ಕಾರದ ದರಪಟ್ಟಿ ಕಡಿಮೆ, ಸಂಬಳ ತಡ, ಕಾಗದ ಜಾಸ್ತಿ. ಆದರೂ ಔಷಧಿ ನಿಲ್ಲಲಿಲ್ಲ, ಪರೀಕ್ಷೆ ನಿಲ್ಲಲಿಲ್ಲ. ಕೊಡುವಾಗ ಹೊಗಳಿಸಿಕೊಳ್ಳೋಕೆ ಬಹಳ ಜನ ಇರ್ತಾರೆ, ಹೋಗುವಾಗ ಕೀಲಿಕೈ ಯಾರ ಕೈಗೆ ಅಂತ ಯೋಚಿಸುವವರು ಕಡಿಮೆ.

ಈಗ 2025ಕ್ಕೆ ಬನ್ನಿ. ಆ ವರ್ಷದ ಜನವರಿಯಲ್ಲಿ ನೆರೆಯ ಹೈದರಾಬಾದಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಅಮೆರಿಕದ ನೆರವಿನಿಂದ ನಡೆಯುತ್ತಿದ್ದ ‘ಮಿತ್ರ್’ ಕ್ಲಿನಿಕ್ ಹಣ ನಿಂತು ಬಾಗಿಲು ಹಾಕಿತು. 2021ರಲ್ಲಿ ಶುರುವಾದದ್ದು, ದೇಶದಲ್ಲೇ ಆ ಥರದ್ದು ಮೊದಲನೆಯದು. ಭಾರತ ದೊಡ್ಡ ದೇಶ, ಎಚ್‌ಐವಿ ಔಷಧಿಯನ್ನು ನಮ್ಮ ಸರ್ಕಾರವೇ ಉಚಿತವಾಗಿ ಕೊಡುತ್ತೆ, ತಯಾರಿಸೋದೂ ನಮ್ಮ ಕಂಪನಿಗಳೇ. ನಾವು ತಡ್ಕೋತೀವಿ. ಆಫ್ರಿಕಾದ ಕಥೆ ಕೇಳಿ. 2003ರಲ್ಲಿ ಜಾರ್ಜ್ ಬುಷ್ ಶುರು ಮಾಡಿದ ಏಡ್ಸ್ ಪರಿಹಾರ ಯೋಜನೆ ಎರಡೂವರೆ ಕೋಟಿ ಜೀವ ಉಳಿಸಿದೆ ಅಂತ ಅಮೆರಿಕವೇ ಹೇಳಿಕೊಳ್ಳುತ್ತಿತ್ತು. ಅದೇ ಅಮೆರಿಕ ಈಗ ಕೈ ಹಿಂದೆ ತಗೊಂಡಿದೆ. ವಿಶ್ವಸಂಸ್ಥೆಯ ಲೆಕ್ಕಕ್ಕೆ ಸಿಗುವ ಮಾನವೀಯ ನೆರವಿನಲ್ಲಿ 2024ರಲ್ಲಿ ಸುಮಾರು ಶೇ. 40 ಒಬ್ಬ ಅಮೆರಿಕದ್ದೇ. ಆ ಕಂಬ ಎಳೆದ ಮೇಲೆ, 2025ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆ ತಾನು ಕೇಳಿದ್ದ 4,400 ಕೋಟಿ ಡಾಲರ್ ಮನವಿಯನ್ನು 2,900 ಕೋಟಿಗೆ ಇಳಿಸಿತು. ಹಸಿದವರು ಕಡಿಮೆಯಾದರು ಅಂತಲ್ಲ, ಕೊಡುವವರು ಕಡಿಮೆಯಾದರು ಅಂತ. ಯಾರನ್ನು ಮೊದಲು ಉಳಿಸೋದು, ಯಾರನ್ನು ಬಿಡೋದು ಅಂತ ಪಟ್ಟಿ ಮಾಡೋ ಕೆಲಸ ಕೆಲವು ಅಧಿಕಾರಿಗಳ ಪಾಲಿಗೆ ಬಂತು. ಆ ಮೇಜಿನ ಮುಂದೆ ಕೂರೋ ಶಿಕ್ಷೆ ಯಾರಿಗೂ ಬೇಡ. ಈ ಕಡಿತ ಹೀಗೇ ಮುಂದುವರಿದರೆ 2030ರೊಳಗೆ ಒಂದು ಕೋಟಿ ನಲವತ್ತು ಲಕ್ಷ ಹೆಚ್ಚುವರಿ ಸಾವು ಆಗಬಹುದು ಅಂತ 2025ರಲ್ಲೇ ಲ್ಯಾನ್ಸೆಟ್‌ನಲ್ಲಿ ಅಂದಾಜು ಬಂತು. ಬ್ರಿಟನ್ ಕೂಡ ಸೈನ್ಯಕ್ಕೆ ಹಣ ಬೇಕು ಅಂತ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 0.3ಕ್ಕೆ ಇಳಿಸೋದಾಗಿ 2025ರ ಫೆಬ್ರವರಿಯಲ್ಲೇ ಹೇಳಿದೆ.

ನಮ್ಮ ದೇಶದ ಟಿವಿಗಳಲ್ಲಿ ಈ ವಿಷಯದಲ್ಲಿ ಏನು ಚರ್ಚೆಯಾಯ್ತು ನೆನಪಿದೆಯಾ? ಭಾರತದ ಚುನಾವಣೆಗೆ ಬಂತು ಅಂತ ಹೇಳಲಾದ 2 ಕೋಟಿ 10 ಲಕ್ಷ ಡಾಲರ್! ಆ ಹಣ ಬಾಂಗ್ಲಾದೇಶಕ್ಕೆ ಮಂಜೂರಾದದ್ದು ಅಂತ ‘ಇಂಡಿಯನ್ ಎಕ್ಸ್‌ಪ್ರೆಸ್’ ದಾಖಲೆ ಸಮೇತ ಬರೆದ ಮೇಲೆ ಕೂಗಾಟ ತಣ್ಣಗಾಯ್ತು. ಕ್ಲಿನಿಕ್ಕಿನ ಬಾಗಿಲ ಬಗ್ಗೆ ಮಾತ್ರ ಒಂದು ಡಿಬೇಟೂ ಇಲ್ಲ.

ಬ್ರಿಟನ್ ಅಂದೆನಲ್ಲ, ಅವರ ಹಣವೂ ನಮ್ಮ ಬಯಲುಸೀಮೆಗೆ ಬಂದಿತ್ತು. ತೊಂಬತ್ತರ ದಶಕದ ಕೊನೆಗೆ ಬಳ್ಳಾರಿ, ಚಿತ್ರದುರ್ಗ, ಬಿಜಾಪುರ ಜಿಲ್ಲೆಗಳಲ್ಲಿ ‘ಕವಾಡ್’ ಅನ್ನೋ ಜಲಾನಯನ ಯೋಜನೆ. ಬದು ಹಾಕೋದು, ಚೆಕ್ ಡ್ಯಾಂ ಕಟ್ಟೋದು. ಅದರಲ್ಲಿ ನನಗೆ ಹಿಡಿಸಿದ್ದು ಚೆಕ್ ಡ್ಯಾಂ ಅಲ್ಲ. ಹಣ ಕೊಟ್ಟವರೇ ಒಂದು ನೀರಿನ ಲೆಕ್ಕಪರಿಶೋಧನೆ ಮಾಡಿಸಿದರು. ಅದರಲ್ಲಿ ಬಂದ ಫಲಿತಾಂಶ, ಮೇಲೆ ನೀವು ಹೆಚ್ಚು ತಡೆ ಕಟ್ಟಿದಷ್ಟೂ ಕೆಳಗಿನ ಊರಿನ ಕೆರೆಗೆ ನೀರು ಕಡಿಮೆ, ಬೋರ್‌ವೆಲ್‌ಗೆ ಕಡಿವಾಣ ಇಲ್ಲದೆ ಇದು ಪರಿಹಾರವೇ ಅಲ್ಲ ಅಂತ. ತಾನು ಕೊಟ್ಟ ಹಣದ ಬಗ್ಗೆಯೇ ಕಹಿ ವರದಿ ಬರೆಸಿ ಅದನ್ನ ಪ್ರಕಟ ಮಾಡೋ ದಾನಿ ಅಪರೂಪ. ನಾವು ಆ ವರದಿ ಓದಿದೆವಾ? ಕೂಡ್ಲಿಗಿ ಸುತ್ತ ಎಷ್ಟು ಸಾವಿರ ಅಡಿಗೆ ಬೋರ್ ಹೋಗಿದೆ ಅಂತ ರಿಗ್ ಲಾರಿಯವರನ್ನ ಕೇಳಿ.

ಸರ್ಕಾರಗಳು ಮಾತ್ರ ದಾನಿಗಳಲ್ಲ. 2018ರಲ್ಲಿ ಬೆಂಗಳೂರು ಆರ್ಚರ್ಡ್ಸ್ ರೋಟರಿ ಕ್ಲಬ್ಬಿನ ರವಿಶಂಕರ್ ಡಕೋಜು ಮತ್ತು ಪಾವೊಲಾ ದಂಪತಿ, ರೋಟರಿ ಪ್ರತಿಷ್ಠಾನಕ್ಕೆ 100 ಕೋಟಿ ರೂಪಾಯಿ ಘೋಷಿಸಿದರು. ನೂರು ಕೋಟಿ, ಒಬ್ಬ ಕನ್ನಡನಾಡಿನ ಉದ್ಯಮಿಯಿಂದ, ಜಗತ್ತಿನ ಯಾವುದೋ ಊರಿನ ಕೆಲಸಕ್ಕೂ ಹೋಗಬಹುದಾದ ನಿಧಿಗೆ. 1918ರ ಹೊತ್ತಿಗೆ ಕ್ಯಾನ್ಸಸ್ ಸಿಟಿಯ ಕ್ಲಬ್ ಕೊಟ್ಟ ಇಪ್ಪತ್ತಾರೂವರೆ ಡಾಲರ್‌ನಿಂದ ಶುರುವಾದ ನಿಧಿ ಅದು. ಅವರ ಪದ್ಧತಿ ಸ್ವಲ್ಪ ನೋಡಿ. ವಾರ್ಷಿಕ ನಿಧಿಗೆ ಬಂದ ಹಣವನ್ನು ಕೂಡಲೇ ಖರ್ಚು ಮಾಡೋಲ್ಲ, ಮೂರು ವರ್ಷ ಹೂಡ್ತಾರೆ. ಆಮೇಲೆ ಒಂದು ಪಾಲು ಕೊಟ್ಟ ಜಿಲ್ಲೆಯ ತೀರ್ಮಾನಕ್ಕೆ, ಇನ್ನೊಂದು ಪಾಲು ವಿಶ್ವ ನಿಧಿಗೆ. ದೊಡ್ಡ ಯೋಜನೆ ಬೇಕಾದರೆ ಕೆಲಸ ನಡೆಯೋ ಊರಿನ ಕ್ಲಬ್ ಒಂದು, ಹೊರದೇಶದ ಕ್ಲಬ್ ಒಂದು, ಇಬ್ಬರೂ ಸಹಿ ಹಾಕಬೇಕು. ಒಬ್ಬರ ಕಣ್ಣು ಇನ್ನೊಬ್ಬರ ಮೇಲೆ.

ಪೋಲಿಯೋ ಹೋದದ್ದು ಹೀಗೇ. 1985ರಲ್ಲಿ ರೋಟರಿ ಹಿಡಿದ ಹಠ, ಈವರೆಗೆ 200 ಕೋಟಿ ಡಾಲರ್‌ಗೂ ಹೆಚ್ಚು ಹಾಕಿದ್ದಾರೆ. ರೋಟರಿಯವರ ಒಂದು ಡಾಲರ್‌ಗೆ ಗೇಟ್ಸ್ ಪ್ರತಿಷ್ಠಾನ ಎರಡು ಸೇರಿಸುತ್ತೆ, ವರ್ಷಕ್ಕೆ ಐದು ಕೋಟಿ ಡಾಲರ್‌ವರೆಗೆ. ನಮ್ಮ ದೇಶದ ಕಾರ್ಯಕ್ರಮದ ಬಹುಪಾಲು ಖರ್ಚು ನಮ್ಮ ಸರ್ಕಾರವೇ ಹಾಕಿದ್ದು, ಹನಿ ಹಾಕಿದ್ದು ನಮ್ಮ ಅಂಗನವಾಡಿ ಅಕ್ಕ, ಆಶಾ ಅಕ್ಕ. ಭಾರತದ ಕೊನೆಯ ಪ್ರಕರಣ 2011ರ ಜನವರಿ 13, ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಪ್ರಮಾಣಪತ್ರವೂ ಬಂತು. ಹೊರಗಿನ ದಾನ, ಒಳಗಿನ ಖಜಾನೆ, ಊರಿನ ಹೆಣ್ಣುಮಕ್ಕಳ ಕಾಲು, ಮೂರೂ ಸೇರಿದಾಗ ಮಾತ್ರ ಇಂಥದ್ದು ಆಗುತ್ತೆ.

ಆದರೆ ಹೊರಗಿನ ದಾನ ಒಳಗೆ ಬರೋಕೆ ಈಗ ದಾರಿ ಎಷ್ಟಗಲ ಇದೆ? ವಿದೇಶಿ ದೇಣಿಗೆ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ಆಯ್ತು. ಹಣ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೇ ಮೊದಲು ಬರಬೇಕು. ಆಡಳಿತ ಖರ್ಚು ಶೇ. 50ರಿಂದ 20ಕ್ಕೆ ಇಳೀತು. ಇವೆರಡಕ್ಕೂ ನನ್ನ ತಕರಾರಿಲ್ಲ, ವಿದೇಶಿ ಹಣದ ಹೆಸರಲ್ಲಿ ಕಾರು ಬಂಗಲೆ ಮಾಡಿಕೊಂಡವರನ್ನ ನಾವೂ ನೋಡಿದ್ದೇವೆ. ಮೂರನೆಯದು ಮಾತ್ರ ಹಳ್ಳಿಗೆ ಹೊಡೆತ. ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಟ್ರಸ್ಟ್‌ಗೆ ಇಂಗ್ಲಿಷ್ ಬರುತ್ತೆ, ಆಡಿಟರ್ ಇದ್ದಾನೆ, ಹಣ ತರ್ತಾರೆ. ಕೂಡ್ಲಿಗಿಯ ಹತ್ತು ಹೆಣ್ಣುಮಕ್ಕಳ ಸಣ್ಣ ಸಂಘಕ್ಕೆ ಊರು ಗೊತ್ತು, ದೆಹಲಿಯ ಅರ್ಜಿ ತುಂಬೋಕೆ ಗೊತ್ತಿಲ್ಲ. ಮೊದಲು ಇವರಿಂದ ಅವರಿಗೆ ಹರಿಯುತ್ತಿದ್ದ ಕಾಲುವೆಗೆ ಈಗ ಅಡ್ಡ ಕಲ್ಲು ಬಿದ್ದಿದೆ. ಕಳ್ಳನನ್ನು ಹಿಡಿಯೋಕೆ ಊರ ಬಾವಿ ಮುಚ್ಚಿದ ಹಾಗೆ.

ನಾವೂ ಈಗ ಕೊಡುವ ದೇಶ, ಅದನ್ನೂ ಹೇಳಬೇಕು. 2004ರ ಸುನಾಮಿಯಲ್ಲಿ ಮನಮೋಹನ್ ಸಿಂಗ್ ಹೊರಗಿನ ನೆರವು ಸದ್ಯಕ್ಕೆ ಬೇಡ ಅಂದರು, ನಮ್ಮ ನೌಕಾಪಡೆ ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಕ್ಕೆ ಹೋಯ್ತು. 2022ರಲ್ಲಿ ಅಫ್ಘಾನಿಸ್ತಾನಕ್ಕೆ ಸಾವಿರಾರು ಟನ್ ಗೋಧಿ ಕೊಟ್ಟೆವು, ಅದೂ ಅಟ್ಟಾರಿ ಗಡಿ ದಾಟಿ ಪಾಕಿಸ್ತಾನದ ನೆಲದ ಮೇಲೆ, ವಿಶ್ವ ಆಹಾರ ಕಾರ್ಯಕ್ರಮದ ಕೈಗೆ. ಒಂದು ಕಾಲಕ್ಕೆ ಚೀಲದ ಮೇಲಿನ ಇಂಗ್ಲಿಷ್ ಓದೋಕೆ ಬಾರದೆ ಉಪ್ಪಿಟ್ಟು ತಿಂದ ದೇಶ, ಈಗ ಚೀಲದ ಮೇಲೆ ತನ್ನ ಹೆಸರು ಬರೆಸುತ್ತಿದೆ.

ಶಾಲೆಯ ಊಟವೂ ಈಗ ಯಾರ ಭಿಕ್ಷೆಯೂ ಅಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬಿಸಿಯೂಟ ಕೊಡಲೇಬೇಕು ಅಂತ ಆದೇಶ ಮಾಡಿತು. 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಕೇರ್ ಉಪ್ಪಿಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಿಸಿಯೂಟ ಬರದಿದ್ದರೆ ಹೆಡ್ ಮೇಷ್ಟ್ರನ್ನ ಕೇಳಬಹುದು, ತಾಲ್ಲೂಕು ಪಂಚಾಯ್ತಿ ಮುಂದೆ ಕೂರಬಹುದು. ಆ ವ್ಯತ್ಯಾಸ ಬರೋಕೆ ನಲವತ್ತು ವರ್ಷ ಹಿಡಿಯಿತು.

ಅದೇ ತಟ್ಟೆಯಲ್ಲಿ ಈಗ ಮತ್ತೆ ಒಬ್ಬ ದೊಡ್ಡ ದಾನಿ ಇದ್ದಾರೆ, ಗಮನಿಸಿದ್ದೀರಾ? ವಾರಕ್ಕೆ ಎರಡು ದಿನ ಮೊಟ್ಟೆ ಸರ್ಕಾರದ್ದು. 2024ರ ಸೆಪ್ಟೆಂಬರ್‌ನಿಂದ ಇನ್ನು ನಾಲ್ಕು ದಿನದ ಮೊಟ್ಟೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ಸುಮಾರು 1,500 ಕೋಟಿ ರೂಪಾಯಿ, ರಾಜ್ಯದ 55 ಲಕ್ಷದಷ್ಟು ಮಕ್ಕಳಿಗೆ. ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ಷರತ್ತಿಲ್ಲ, ಹಡಗಿನ ಹಗ್ಗ ಇಲ್ಲ, ಯಾರದೋ ಉಗ್ರಾಣದ ಮಿಕ್ಕಿದ್ದೂ ಅಲ್ಲ. ಕೈ ಮುಗಿದು ಒಪ್ಪಿಕೊಳ್ಳಬೇಕಾದ ದಾನ. ಒಪ್ಪಂದದ ಅವಧಿ ಮೂರು ವರ್ಷ.

ಅಂದರೆ 2027. ಆ ಕೊನೆಯ ದಿನದ ಮಾರನೇ ದಿನ ಹೊಸಹಳ್ಳಿಯ ಶಾಲೆಯಲ್ಲಿ ಮೊಟ್ಟೆ ಯಾರ ಲೆಕ್ಕದಲ್ಲಿ ಬೇಯುತ್ತೆ? ಮುಖ್ಯಮಂತ್ರಿಗಳನ್ನೇ ಕೇಳುತ್ತೇನೆ. ಮುಂದಿನ ಬಜೆಟ್‌ಗಳಲ್ಲಿ ಒಂದೊಂದು ದಿನದ ಖರ್ಚನ್ನಾದರೂ ಸರ್ಕಾರದ ತಲೆಬರಹದಡಿ ತರ್ತೀರಾ? ಆವಾಹನ್ ಕೈ ಬದಲಾದದ್ದು ನಾಲ್ಕು ವರ್ಷಕ್ಕೆ. ನಿಮ್ಮ ಕೈಯಲ್ಲಿ ಇರೋದು 2027ರವರೆಗಿನ ಸಮಯ ಮಾತ್ರ. ಉತ್ತರ ಬಂದರೆ ಇದೇ ಹೊತ್ತಿಗೆ, ಇದೇ ಜಾಗದಲ್ಲಿ ಹೇಳುತ್ತೇನೆ.